ಒಂದು ಇಂಚು ಮೂವತ್ತು ಸೆಂಟ್

ಮಳೆಗಾಲದಲ್ಲಿ ಜಾರಿ ಬಿದ್ದವರನ್ನು "ಪೆಟ್ಟಾಯಿತೆ?" ಎಂದು ಕೇಳುವವರು ಕೊಡಗಿಗೆ ಹೊಸಬರು. ಇಲ್ಲೇ ಹುಟ್ಟಿ ಬೆಳೆದವರು "ಎಲ್ಲಿ ಬಿದ್ದದ್ದು?" ಎಂದು ಕೇಳುತ್ತಾರೆ. ಪಾಚಿ ಕಟ್ಟಿದ ಅಂಗಳ, ಕೆಸರಿನ ಕಾಲುದಾರಿ, ಇಳಿಜಾರಿನ ತೋಟ, ಇವುಗಳ ನಡುವೆ ಓಡಾಡುವವರು ಬೀಳುವುದು ಸಹಜ, ಪೆಟ್ಟಾಗುವುದೂ ಸಹಜ. ಅದರಲ್ಲಿ ವಿಚಾರಿಸುವುದಕ್ಕೆ ಏನಿದೆ? ಬಿದ್ದ ಜಾಗದಲ್ಲಿ ಏನು ಸಿಕ್ಕಿತು ಎಂಬುದಷ್ಟೇ ಸುದ್ದಿ.

ಇದು ನನ್ನ ಮೈದುನನಿಗೆ ಅರ್ಥವಾಗುವುದಿಲ್ಲ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ದುಡಿಯುವವನು, ಬದುಕಿನ ಬಗ್ಗೆ ಅಪಾರ ಭರವಸೆ ಇಟ್ಟುಕೊಂಡವನು. ಆ ಭರವಸೆಯನ್ನು ತಾನೊಬ್ಬನೇ ಇಟ್ಟುಕೊಳ್ಳದೆ ದಿನಾ ಬೆಳಗ್ಗೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಂಚುತ್ತಾನೆ. ಒಂದು ಬೆಟ್ಟ, ಬೆಟ್ಟದ ಹಿಂದೆ ಸೂರ್ಯ, ಮೇಲೆ ದಪ್ಪ ಅಕ್ಷರದಲ್ಲಿ "ಪ್ರತಿ ಸೂರ್ಯೋದಯವೂ ಹೊಸ ಅವಕಾಶ". ಜುಲೈ ತಿಂಗಳಲ್ಲಿ ಮಡಿಕೇರಿ ಕಡೆಯವರಿಗೆ ಇಂಥ ಮಾತು ಕಳಿಸಬಾರದು. ಸೂರ್ಯೋದಯಕ್ಕೇ ಕಾದು ಕುಳಿತರೆ ನಮ್ಮ ಅವಕಾಶ ದಸರೆಗೆ ಬಂದೀತು. ನಮ್ಮವರು ಆ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿ, "ಬಿಸಿಲು ಚೆನ್ನಾಗಿದೆ, ಬಟ್ಟೆ ಒಣಗಿಸಬಹುದಿತ್ತು" ಎಂದು ಮೊಬೈಲ್ ಕೆಳಗಿಟ್ಟರು. ಅವರ ಕಾಲುಚೀಲಗಳು ಒಲೆಯ ಮೇಲಿನ ಹಗ್ಗದಲ್ಲಿ ವಾರದಿಂದ ಹೊಗೆ ಕುಡಿಯುತ್ತಿದ್ದವು.

ಭರವಸೆ ಬೇಕಾದರೆ ಆಕಾಶ ನೋಡಬೇಕು ಎಂಬುದು ಮೈದುನನ ಮತ. ನೆಲ ನೋಡಬೇಕು ಎಂಬುದು ನನ್ನದು. ಆದರೆ ನೆಲವನ್ನು ಯಾರೂ ಸುಮ್ಮನೆ ನೋಡುವುದಿಲ್ಲವಾದ್ದರಿಂದ ಕೊಡಗಿನ ಮಳೆ ಆಗಾಗ ನಮ್ಮನ್ನು ಎತ್ತಿ ಅದರ ಹತ್ತಿರಕ್ಕೆ ಹಾಕುತ್ತದೆ.

ಮುಂಗಾರು ಕಾಲಿಟ್ಟ ಹೊಸದರಲ್ಲಿ ನಾನು ಬಿದ್ದದ್ದು ಮೇಲಿನ ತೋಟದಲ್ಲಿ. ರಾತ್ರಿಯ ಗಾಳಿಗೆ ಸಿಲ್ವರ್ ಓಕ್ ಮರವೊಂದು ಮೆಣಸಿನ ಬಳ್ಳಿಯ ಸಮೇತ ಕಾಫಿ ಗಿಡಗಳ ಮೇಲೆ ಒರಗಿದೆ ಎಂದು ಕೆಲಸದ ಹೆಂಗಸರು ಹೇಳಿದ್ದರು. ನೋಡಲು ಹೋದವಳ ಕಾಲು ಜಾರಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಜಾರುವವರಿಗೆಂದು ನಮ್ಮ ಊರು ತುರಚೆ ಗಿಡವನ್ನು ಬೆಳೆಸಿಟ್ಟಿದೆ. ಅದರ ಎಲೆಯ ಮೇಲಿನ ಸಣ್ಣ ರೋಮಗಳು ಚರ್ಮಕ್ಕೆ ತಾಕಿದ ಕೂಡಲೇ ತುದಿ ಮುರಿದುಕೊಂಡು ಒಳಗಿನ ರಸವನ್ನು ಚುಚ್ಚುತ್ತವೆ. ನಾನು ಅದನ್ನು ಎರಡೂ ಕೈಯಲ್ಲಿ, ಬಹಳ ನಂಬಿಕೆಯಿಂದ ಹಿಡಿದುಕೊಂಡೆ. ಹಿಡಿದ ವೇಗಕ್ಕಿಂತ ಬೇಗ ಬಿಟ್ಟೆ. ಆಮೇಲೆ ನಿಂತದ್ದು ಒಂದು ಕಾಫಿ ಗಿಡದ ಬುಡದಲ್ಲಿ, ಕೆನ್ನೆ ತರಗೆಲೆಗೆ ತಾಗಿದ ಸ್ಥಿತಿಯಲ್ಲಿ.

ಅಲ್ಲಿಂದ ಕಂಡದ್ದೇ ಬೇರೆ ಲೋಕ. ನಿಂತು ನೋಡುವವರಿಗೆ ಬರೀ ಕಸವೆನಿಸುವ ಎಲೆರಾಶಿ ಅಲ್ಲಲ್ಲಿ ಸ್ವಲ್ಪ ಮೇಲೆದ್ದಿತ್ತು. ಒಂದು ಎಲೆ ಸರಿಸಿದೆ. ಅಡಿಯಲ್ಲಿ ಬೂದು ಬಣ್ಣದ ಮೊನಚು ತಲೆ, ತಲೆಯ ಮೇಲೆ ಚಿಟಿಕೆ ಹಸಿ ಮಣ್ಣು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಕೊಡೆ ಬಿಚ್ಚಿ ನಿಂತ ನಾಲ್ಕಾರು. ಹುತ್ತದ ಅಣಬೆ! ಬುಡ ಹಿಡಿದು ನಿಧಾನವಾಗಿ ಎಳೆದರೆ ಬೇರಿನಂಥ ಬಿಳಿಯ ಬಾಲ ಬರುತ್ತಲೇ ಇರುತ್ತದೆ. ಅದು ನೆಲದಡಿಯ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಒಣಕಡ್ಡಿ, ಎಲೆಗಳನ್ನು ಅಗಿದು ಗೆದ್ದಲುಗಳು ಒಳಗೆ ಒಂದು ತೋಟ ಮಾಡುತ್ತವೆ, ಅದರಲ್ಲಿ ಈ ಶಿಲೀಂಧ್ರವನ್ನು ಸಾಕುತ್ತವೆ. ಮಳೆ ಬಿದ್ದಾಗ ಅದು ನಮಗಾಗಿ ತಲೆ ಹೊರಹಾಕುತ್ತದೆ. ನಮ್ಮ ಕಿಟಕಿ ಚೌಕಟ್ಟನ್ನು ತಿಂದು ಮುಗಿಸಿದ ಅದೇ ವಂಶದ ಗೆದ್ದಲು ಹೀಗೆ ಬಡ್ಡಿ ಕಟ್ಟುತ್ತದೆ ಎಂದು ಗೊತ್ತಿದ್ದರೆ ನಾನು ಅದಕ್ಕೆ ಅಷ್ಟೊಂದು ಶಾಪ ಹಾಕುತ್ತಿರಲಿಲ್ಲ.

ಬಿಚ್ಚಿದ ಅಣಬೆಗಳನ್ನು ತಲೆವಸ್ತ್ರದಲ್ಲಿ ಕಟ್ಟಿಕೊಂಡು, ಮೊಗ್ಗುಗಳ ಮೇಲೆ ಮತ್ತೆ ತರಗೆಲೆ ಹರಡಿ ಹೊರಟೆ. ಅಣಬೆಯ ಜಾಗವನ್ನು ಇಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಆಸ್ತಿ ಪತ್ರ ತೋರಿಸುವವರೂ ಅದನ್ನು ತೋರಿಸುವುದಿಲ್ಲ. ಗೇಟಿನ ಹತ್ತಿರ ಪಕ್ಕದ ಮನೆಯ ಅಕ್ಕ ಸಿಕ್ಕಿದರು.

"ಎಲ್ಲಿ ಬಿದ್ದೆ?"

"ಕೆಳಗಿನ ತೋಟದಲ್ಲಿ ಅಕ್ಕಾ."

ಅಕ್ಕ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಕೆಳಗಿನ ತೋಟದ್ದು ಕಪ್ಪು ಮಣ್ಣು. ನಿನ್ನ ಬೆನ್ನ ಮೇಲಿರುವುದು ಕೆಂಪು" ಎಂದು ಹೇಳಿ, ಇನ್ನೇನೂ ಕೇಳದೆ ಹೋದರು.

ಮಾರನೆಯ ದಿನ ಹೋದರೆ ಮೊಗ್ಗುಗಳಿದ್ದಲ್ಲಿ ಸಣ್ಣ ಗುಳಿಗಳಿದ್ದವು. ಸಂಜೆ ಅಕ್ಕನ ಮನೆಯಿಂದ ಒಂದು ಬಟ್ಟಲು ಅಣಬೆ ಸಾರು ಬಂತು. ಅದು ನಾನು ಮಾಡಿದ್ದಕ್ಕಿಂತ ರುಚಿಯಾಗಿತ್ತು ಎಂಬುದು ಇನ್ನೊಂದು ಸಂಕಟ. ಆದರೆ ಹುತ್ತ ಒಳಗೆ ಹಾಗೇ ಇದೆ. ಬರುವ ಮಳೆಗಾಲಕ್ಕೆ ಅದೇ ಬುಡದಲ್ಲಿ ಏಳಬಹುದು. ಅಕ್ಕನಿಗಿಂತ ಮೊದಲು ಏಳಬೇಕಾದವಳು ನಾನು.

ಕೊಡವರ ಲೆಕ್ಕದ ಕಕ್ಕಡ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯಲ್ಲಿ, ಮೈದುನ ಹೆಂಡತಿ, ಮಗನೊಡನೆ ಬಂದ. ಪ್ರಕೃತಿಯ ಮಡಿಲಲ್ಲಿ ಕೆಲವು ದಿನ ಕಳೆಯಬೇಕಂತೆ. ಮಡಿಲು ಒದ್ದೆಯಾಗಿದೆ ಎಂದು ಮೊದಲೇ ಹೇಳಿದ್ದೆವು. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು ಬೀಳುತ್ತದೆ, ಅಂದು ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಸೊಪ್ಪು ಕೊಯ್ಯಲು ಅವನೂ ಬೇಲಿಯವರೆಗೆ ಬಂದ. ನಾವೆಲ್ಲ ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಂಡು ಇಳಿದರೆ, ಅವನು ದುಬಾರಿ ಬೂಟನ್ನು ನಂಬಿಕೊಂಡು ಇಳಿದ.

ಜಿಗಣೆಯ ಬಗ್ಗೆ ಇಲ್ಲಿ ಒಂದು ಒಳ್ಳೆಯ ಮಾತು ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಹುಲ್ಲಿನ ತುದಿಯಲ್ಲಿ ಹಿಂಬದಿಯ ಹೀರುಬಟ್ಟಲನ್ನು ಊರಿ, ದಾರದಷ್ಟು ತೆಳ್ಳಗಿನ ಮೈಯನ್ನು ಗಾಳಿಯಲ್ಲಿ ಚಾಚಿ ಅದು ನಿಂತಿರುವುದನ್ನು ಕುಳಿತು ನೋಡಿದ್ದೀರಾ? ನೆಲ ಸ್ವಲ್ಪ ಅದುರಿದರೆ ಸಾಕು, ಉಸಿರು ತಾಗಿದರೆ ಸಾಕು, ಆ ಕಡೆಗೆ ಬಾಗುತ್ತದೆ. ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಲಾರಿಗೂ ಜೀಪಿಗೂ ಬಿಡದೆ ಕೈ ಅಡ್ಡ ಹಿಡಿಯುವ ಅಜ್ಜನ ಹಾಗೆ, ಬಂದದ್ದಕ್ಕೆಲ್ಲ ಕೈ ಚಾಚುತ್ತದೆ. ಎಷ್ಟೋ ದನ, ಎಷ್ಟೋ ಮನುಷ್ಯರು ತಾಗದೆ ದಾಟಿ ಹೋಗಿರುತ್ತಾರೆ. ಅದಕ್ಕೆ ಬೇಸರವಿಲ್ಲ. ಊಟ ಸಿಗುವವರೆಗೆ ವಾರಗಟ್ಟಲೆ ಕಾಯಬಲ್ಲದು. ಮೈದುನ ಕಳಿಸುವ ಅಷ್ಟೂ ಸಂದೇಶಗಳಲ್ಲಿರುವುದು ಇದೇ ತಾನೆ? ಪ್ರಯತ್ನ ಬಿಡಬೇಡ, ಅವಕಾಶ ಬಂದಾಗ ಗಟ್ಟಿಯಾಗಿ ಹಿಡಿದುಕೋ. ಜಿಗಣೆ ಅದನ್ನು ಓದಿಲ್ಲ, ಮಾಡುತ್ತದೆ ಅಷ್ಟೇ.

ಮನೆಗೆ ಬಂದು ಬೂಟು ಕಳಚಿದಾಗ ಮೈದುನನ ಬಿಳಿ ಕಾಲುಚೀಲ ಕೆಂಪಾಗಿತ್ತು. ಕಚ್ಚಿದ್ದು ತಿಳಿಯುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಮೊದಲೇ ಗಾಯದೊಳಗೆ ಬಿಟ್ಟಿರುತ್ತದೆ. "ಅತ್ತಿಗೆ, ಆಸ್ಪತ್ರೆ ಎಷ್ಟು ದೂರ?" ಎಂದ. ನಮ್ಮ ಅತ್ತೆ ಗಾಯದ ಮೇಲೆ ಹರಿದ ನ್ಯೂಸ್‌ಪೇಪರಿನ ಚೂರೊಂದನ್ನು ಅಂಟಿಸಿ, "ಪಾಯಸ ತಿನ್ನು ಬಾ" ಎಂದರು.

ಮದ್ದು ಸೊಪ್ಪನ್ನು ಕುದಿಸಿದ ನೀರು ಕಡು ನೇರಳೆ. ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿತುರಿ ಬೆಂದರೆ ಪಾಯಸವೂ ಅದೇ ಬಣ್ಣ. ಹದಿನೆಂಟು ಬಗೆಯ ಮದ್ದಿನ ಗುಣ ಆ ದಿನ ಸೊಪ್ಪಿನಲ್ಲಿ ಸೇರುತ್ತದೆ ಎಂಬುದು ಹಿರಿಯರ ನಂಬಿಕೆ. ಪರಿಮಳ ಅಂದು ಹೆಚ್ಚಿರುವುದಂತೂ ಒಲೆಯ ಹತ್ತಿರ ನಿಂತವರಿಗೆ ಗೊತ್ತು. ಮೈದುನ ತುಪ್ಪ ಹಾಕಿಸಿಕೊಂಡು ಮೂರು ಬಟ್ಟಲು ತಿಂದ. ತಿಂದವರಿಗೆ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ ಎಂಬುದನ್ನು ಅವನಿಗೆ ಹೇಳುವ ಕೆಲಸವನ್ನು ನಾನು ನಮ್ಮವರಿಗೆ ಬಿಟ್ಟಿದ್ದೆ. ನಮ್ಮವರು ಅತ್ತೆಗೆ ಬಿಟ್ಟಿದ್ದರು. ಅತ್ತೆಗೆ, ಇದು ತಿಳಿಯದ ಮನುಷ್ಯರೂ ಲೋಕದಲ್ಲಿ ಇರುತ್ತಾರೆ ಎಂಬುದೇ ತಿಳಿದಿರಲಿಲ್ಲ.

ಬೆಳಗ್ಗೆ ಬಚ್ಚಲಿನಿಂದ ಹೊರಬಂದವನ ಮುಖದಲ್ಲಿ ರಕ್ತವಿರಲಿಲ್ಲ. ಕಾಲಿನಿಂದ ಹೋದದ್ದು, ಈಗ ಒಳಗಿನಿಂದಲೂ ಹೋಗುತ್ತಿದೆ ಎಂದು ಅವನು ಲೆಕ್ಕ ಹಾಕಿದ್ದ. ಅಂದು ಗುಂಪಿಗೆ ಸೂರ್ಯೋದಯ ಬರಲಿಲ್ಲ. ಅಣ್ಣನನ್ನು ಮೂಲೆಗೆ ಕರೆದು, ವಿಮೆಯ ಕಾಗದ ಎಲ್ಲಿದೆ ಎಂಬವರೆಗೆ ಹೇಳಿದ ಮೇಲೆ ನಮ್ಮವರಿಗೆ ವಿಷಯ ಹೊಳೆಯಿತು. ಅತ್ತೆ ಮಾತ್ರ ಸಂತೋಷಪಟ್ಟರು: "ಮದ್ದು ಮೈಗೆ ಹಿಡಿದಿದೆ. ಇನ್ನು ವರ್ಷವಿಡೀ ಏನೂ ಆಗುವುದಿಲ್ಲ." ಆ ಸಂಜೆ ಅವನು ನಾಲ್ಕನೆಯ ಬಟ್ಟಲು ಕೇಳಿದ. ಸಾಯುವುದಿಲ್ಲ ಎಂದು ಖಾತರಿಯಾದ ಮನುಷ್ಯನಷ್ಟು ಹಸಿವು ಬೇರೆ ಯಾರಿಗೂ ಇರುವುದಿಲ್ಲ.

ಎಲ್ಲದರಲ್ಲೂ ಪಾಠ ಇದೆ ಎಂದು ಮಾತ್ರ ನಾನು ಹೇಳುವವಳಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳೇ ಕುಸಿದು ಮನೆ, ತೋಟ, ಜನ ಹೋದಾಗ, ಅದರಲ್ಲೂ ಏನೋ ಸಂದೇಶವಿದೆ ಎಂದು ದೂರದಿಂದ ಬರೆದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅಲ್ಲಿಯವರೆಗೆ ನಮಗೆ ಮಳೆಯ ಇಂಚು ಏರಿದಷ್ಟೂ ಜಂಬ. ಆಮೇಲೆ ಕೆಲವು ವರ್ಷ ಆಗಸ್ಟ್ ಬಂದರೆ ಮಳೆ ಅಳೆಯುವ ಜಾಡಿಯನ್ನು ಮುಟ್ಟಲೂ ನಮ್ಮವರ ಕೈ ಹಿಂಜರಿಯುತ್ತಿತ್ತು.

ಇಂಚಿನ ಮಾತು ಹೊರಗಿನವರಿಗೆ ಬಿಡಿಸಿ ಹೇಳಬೇಕು. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ಕಾಫಿ ಬೆಳೆಗಾರರು ಇಂಚು ಬಿಟ್ಟಿಲ್ಲ. ಇಂಚಿಗೆ 100 ಸೆಂಟ್. ಮಡಿಕೇರಿಗೆ ವರ್ಷಕ್ಕೆ 120 ಇಂಚಿಗೂ ಹೆಚ್ಚು ಮಳೆ, 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಹೋದರೆ ಅದರ ಸುಮಾರು ಮೂರನೆಯ ಒಂದು ಪಾಲು. ರಸ್ತೆಯ ಆ ಬದಿಗೆ ಸುರಿದು ಈ ಬದಿಗೆ ಹನಿಯೂ ಹಾಕದ ಪಕ್ಷಪಾತ ನಮಗೆ ಹೊಸದಲ್ಲ. ಮಳೆಗಾಲದ ನೂರು ಇಂಚಿಗಿಂತ ದೊಡ್ಡದು ಬೇಸಿಗೆಯ ಒಂದು ಇಂಚು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಗಿಡದ ಮೊಗ್ಗು ನಿದ್ದೆಯಲ್ಲಿರುತ್ತದೆ. ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಚ್ಚೆತ್ತು, ವಾರ ಹತ್ತು ದಿನದಲ್ಲಿ ತೋಟವಿಡೀ ಬೆಳ್ಳಗೆ ಅರಳುತ್ತದೆ. ಇಪ್ಪತ್ತು, ಮೂವತ್ತು ಸೆಂಟ್ ಬಂದು ಕೈಕೊಟ್ಟರೆ ಮೊಗ್ಗು ಅರಳಲೂ ಆಗದೆ, ಮಲಗಲೂ ಆಗದೆ ಒಣಗುತ್ತದೆ. ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಮೋಡ ನೋಡುತ್ತಾರೆ. ಆ ಒಂದು ತಿಂಗಳು ಕೊಡಗಿನಲ್ಲಿ ಎಲ್ಲರೂ ಆಶಾವಾದಿಗಳೇ, ಬೇರೆ ದಾರಿಯಿಲ್ಲ.

ಆ ಸಲ ಮಾರ್ಚ್ ಮುಗಿಯುತ್ತ ಬಂದರೂ ಮಳೆಯಿಲ್ಲ. ಮೈದುನನ ಮಗ ಪರೀಕ್ಷೆ ಮುಗಿಸಿ ನಮ್ಮಲ್ಲಿಗೆ ಬಂದಿದ್ದ. ಒಂದು ರಾತ್ರಿ ಗುಡುಗಿತು, ಹೆಂಚಿನ ಮೇಲೆ ಸ್ವಲ್ಪ ಹೊತ್ತು ಟಪಟಪ ಸದ್ದಾಯಿತು. ಬೆಳಗ್ಗೆ ನಮ್ಮವರು ಜಾಡಿ ಎತ್ತಿ ನೋಡುತ್ತಾರೆ, ಒಂದು ಇಂಚು ಮೂವತ್ತು ಸೆಂಟ್! ಅಂಗಳದ ಧೂಳು ಪೂರ್ತಿ ಅಡಗಿರಲಿಲ್ಲ, ಅದು ಅವರ ಕಣ್ಣಿಗೆ ಬೀಳಲಿಲ್ಲ. ಫೋನ್ ಹಿಡಿದು ಅಕ್ಕನ ಯಜಮಾನರಿಗೆ ಮೊದಲು ಹೇಳಿದರು. ಆ ಕಡೆ ಕ್ಷಣಕಾಲ ಮೌನ. ಆಮೇಲೆ, "ಹೌದು, ನಮ್ಮಲ್ಲಿ ಒಂದು ಇಂಚು ನಲವತ್ತು" ಎಂದರು. ಕೆರೆಯಾಚೆಯ ತೋಟದವರಿಗೆ ಒಂದೂವರೆ ಬಿದ್ದಿತ್ತು. ಮುಖ್ಯ ರಸ್ತೆಯವರು ಒಂದು ಇಂಚು ಅರವತ್ತಕ್ಕೆ ನಿಲ್ಲಿಸಿದರು. ಊರಿಗೆ ಊರೇ ತೊಯ್ದು ತೊಪ್ಪೆಯಾಯಿತು, ಫೋನಿನಲ್ಲಿ.

ತಿಂಡಿಗೆ ಕುಳಿತಾಗ ಹುಡುಗ ಹೇಳಿದ: "ದೊಡ್ಡಮ್ಮಾ, ಅಂಗಳದ ಆ ಡಬ್ಬಿ ಪಾಪ ಬಾಯಿ ತೆರೆದುಕೊಂಡೇ ಇತ್ತು. ನನ್ನ ಬಾಟಲಿ ನೀರು ಹಾಕಿದೆ."

ನಮ್ಮವರು ಕಡುಬನ್ನು ತಟ್ಟೆಗೆ ವಾಪಸು ಇಟ್ಟರು. ಹುಡುಗನಿಗೆ ಯಾರೂ ಬೈಯಲಿಲ್ಲ, ಬೈಯುವಂಥದ್ದು ಅವನೇನು ಮಾಡಿದ್ದ? ಬಿದ್ದದ್ದು ಇಪ್ಪತ್ತು ಸೆಂಟ್ ಇರಬಹುದು, ಉಳಿದದ್ದು ಕರುಣೆ. ಆದರೆ ಫೋನ್ ಮಾಡಿ ತಿದ್ದುವುದು ಹೇಗೆ? ನಮ್ಮದು ಸುಳ್ಳು ಎಂದರೆ ಅವರೆಲ್ಲರದ್ದೂ ಸುಳ್ಳಾಗುತ್ತದೆ. ಒಂದು ಊರಿನ ಮರ್ಯಾದೆಯ ಪ್ರಶ್ನೆ ಎಂದು ನಮ್ಮವರು ಸುಮ್ಮನಿದ್ದರು. ಹುಡುಗ ಸುಮ್ಮನಿರಲಿಲ್ಲ. ಡಬ್ಬಿಗೆ ನೀರು ಕುಡಿಸಿದ ಪುಣ್ಯಕಾರ್ಯವನ್ನು ಸಂಜೆಯೊಳಗೆ ಅಕ್ಕನ ಮನೆಯಲ್ಲಿ ವಿವರವಾಗಿ ಹೇಳಿ, ಎರಡು ಕಿತ್ತಳೆ ಬಹುಮಾನ ಪಡೆದು ಬಂದ. ಅಕ್ಕನ ಯಜಮಾನರು ಆ ವಾರ ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿಕೊಂಡು ನಡೆದರು. ನಮ್ಮವರೂ ಅವರನ್ನು ಕಂಡರೆ ಮೆಣಸಿನ ಬಳ್ಳಿಯ ಕಡೆ ತಿರುಗಿ ಏನೋ ಪರೀಕ್ಷೆ ಮಾಡುತ್ತಿದ್ದರು.

ಏಪ್ರಿಲ್ ಮೊದಲ ವಾರದಲ್ಲಿ, ಎಲ್ಲರೂ ಆಸೆ ಬಿಟ್ಟು ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್ ತರಲು ಹೊರಟಿದ್ದ ಸಂಜೆ, ಪಶ್ಚಿಮದಿಂದ ಕಪ್ಪಾಗಿ ಬಂದು ಒಂದು ಗಂಟೆ ಬಿಡದೆ ಹೊಡೆಯಿತು. ಚರಂಡಿ ತುಂಬಿ ಅಂಗಳಕ್ಕೆ ಹರಿಯಿತು, ಕರೆಂಟ್ ಹೋಯಿತು, ದನದ ಕೊಟ್ಟಿಗೆಯ ಮಾಡಿನ ಶೀಟು ಹಾರಿಹೋಯಿತು. ಅದನ್ನು ಹುಡುಕಲು ಯಾರೂ ಏಳಲಿಲ್ಲ. ಬೆಳಗ್ಗೆ ನಮ್ಮವರು ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನನಗೆ ತೋರಿಸಿ, ಅತ್ತೆಗೆ ತೋರಿಸಿ, ಆಮೇಲೆ ಫೋನಿನ ಹತ್ತಿರ ಹೋದರು. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು.

"ನಮ್ಮಲ್ಲಿ ಒಂದು ಇಂಚು ಹದಿನೈದು" ಎಂದರು ಅಕ್ಕನ ಯಜಮಾನರು. "ನಿಮಗೆಷ್ಟು?"

"ಒಂದು ಇಂಚು ಇಪ್ಪತ್ತು."

"ಹುಡುಗ ಬೆಂಗಳೂರಿಗೆ ಹೋದನೋ, ಅಲ್ಲೇ ಇದ್ದಾನೋ?"