ಸಾಕೆಟ್ ಹೋದರೂ ತಂತಿ ಹೋಗಿರುವುದಿಲ್ಲ

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಅಡುಗೆಮನೆಯಲ್ಲಿ ಒಲೆಯ ಜಾಗ ಬದಲಿಸಿದಾಗ, ಹಳೆಯ ಸಾಕೆಟ್ಟೊಂದು ಸರಿಯಾಗಿ ಅದರ ಹಿಂದಕ್ಕೇ ಬಂದು, ಒಗ್ಗರಣೆಯ ಎಣ್ಣೆ ಅದರ ತೂತುಗಳಿಗೆ ಸಿಡಿಯತೊಡಗಿತು. ಅದನ್ನು ತೆಗೆಯಲು ಬಂದ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಕೈಹಾಕುವ ಮೊದಲು ಮಾಡಿಕೊಂಡ ಸಿದ್ಧತೆಯನ್ನು ನೋಡುತ್ತಿದ್ದಂತೆ, ಮೈಸೂರಿನ ನಮ್ಮ ಮನೆಯಲ್ಲಿ ಇದೇ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿದ್ದು ನೆನಪಾಯಿತು.

ಈತ ಸಾಕೆಟ್ಟಿನ ಸ್ವಿಚ್ಚನ್ನು ನಂಬಲೇ ಇಲ್ಲ. ಕರೆಂಟ್ ಮಿತಿಮೀರಿದರೆ ತಾನಾಗಿಯೇ ಬೀಳುವ ಸ್ವಿಚ್ಚಾದ 32 ಆಂಪಿಯರಿನ ಎಂಸಿಬಿಯನ್ನು ಮೇನ್ ಬೋರ್ಡಿನಲ್ಲಿ ಆಫ್ ಮಾಡಿ, ಯಾರೂ ಮತ್ತೆ ಏರಿಸದಂತೆ ಅದಕ್ಕೊಂದು ಪುಟ್ಟ ಬೀಗ ಹಾಕಿದ. ಎರಡು ಕಡ್ಡಿಯ ಟೆಸ್ಟರನ್ನು ಕರೆಂಟ್ ಇದ್ದೇ ಇರುವ ಕಡೆ ಒಮ್ಮೆ ಮುಟ್ಟಿಸಿ, ಆಮೇಲೆ ಈ ಸಾಕೆಟ್ಟಿನಲ್ಲಿ ನೋಡಿ, ಟೆಸ್ಟರೇ ನಡುವೆ ಕೆಟ್ಟಿಲ್ಲವೆಂದು ಖಚಿತವಾಗಲು ಮತ್ತೆ ಮೊದಲಿನ ಕಡೆಯೇ ಮುಟ್ಟಿಸಿದ. ನಮ್ಮಲ್ಲಾದರೋ ಬೋರ್ಡಿನ ಸ್ವಿಚ್ ಆಫ್ ಮಾಡಿ, ಸ್ಕ್ರೂಡ್ರೈವರ್ ಟೆಸ್ಟರಿನ ದೀಪ ಹೊತ್ತದಿದ್ದರೆ ಬಿಚ್ಚಲು ಶುರು ಮಾಡುತ್ತಾರೆ. ಸ್ವಿಚ್ಚಿನವರೆಗೆ ಬಂದ ಫೇಸ್ ತಂತಿ ಅದೇ ಪೆಟ್ಟಿಗೆಯೊಳಗೆ ಕರೆಂಟ್ ಹೊತ್ತುಕೊಂಡೇ ಇರುತ್ತದೆ ಎಂಬುದನ್ನು ಮರೆತು.

ಬ್ರಿಟನ್ನಿನ ರಿಂಗ್ ಪದ್ಧತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡನೆಯ ಮಹಾಯುದ್ಧದ ನಂತರ, ತಾಮ್ರದ ಅಭಾವದ ದಿನಗಳಲ್ಲಿ ರೂಢಿಗೆ ಬಂದ ಈ ವೈರಿಂಗ್‌ನಲ್ಲಿ ಕೇಬಲ್ ಎಲ್ಲ ಸಾಕೆಟ್ಟುಗಳನ್ನೂ ಸುತ್ತಿ ಮತ್ತೆ ಮೇನ್ ಬೋರ್ಡಿಗೇ ಮರಳುತ್ತದೆ. ಕರೆಂಟ್ ಎರಡೂ ಕಡೆಯಿಂದ ಹಂಚಿಕೊಂಡು ಹರಿಯುವುದರಿಂದಲೇ 32 ಆಂಪಿಯರಿನ ಎಂಸಿಬಿಗೆ 2.5 ಚದರ ಮಿಲಿಮೀಟರಿನ ತಂತಿ ಸಾಕಾಗುತ್ತದೆ. ಸಾಕೆಟ್ ತೆಗೆದು ಎರಡೂ ತುದಿಗಳನ್ನು ಬೇರೆಬೇರೆಯಾಗಿ ಮುಚ್ಚಿಬಿಟ್ಟರೆ ಉಳಿದ ಸಾಕೆಟ್ಟುಗಳೆಲ್ಲ ಎಂದಿನಂತೆ ನಡೆಯುತ್ತವೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕೆಟಲ್, ವಾಷಿಂಗ್ ಮಷೀನ್‌ನಂಥ ಹಲವು ಉಪಕರಣಗಳು ಒಂದೇ ಕವಲಿನಲ್ಲಿ ಒಟ್ಟಿಗೆ ಓಡಿದಾಗ ಇಡೀ ಭಾರ ಅದರ ಮೇಲೆಯೇ ಬಿದ್ದು, ಎಂಸಿಬಿ ಬೀಳುವ ಮೊದಲೇ ತಂತಿ ಬಿಸಿಯಾಗಬಹುದು. ಅದಕ್ಕಾಗಿಯೇ ಈತ ಫೇಸ್‌ಗೆ ಫೇಸ್, ನ್ಯೂಟ್ರಲ್‌ಗೆ ನ್ಯೂಟ್ರಲ್, ಅರ್ತ್‌ಗೆ ಅರ್ತ್ ಜೋಡಿಸಿ, ರಿಂಗ್ ಪೂರ್ತಿಯಾಗಿದೆಯೇ ಎಂದು ಬೋರ್ಡಿನಿಂದ ಅಳೆದು, ಮೇಲೆ ಒಂದು ಖಾಲಿ ಪ್ಲೇಟ್ ಕೂರಿಸಿದ.

ಪುಟ್ಟಿ ಬಳಿದು ಮುಚ್ಚಿಬಿಡಬಾರದೇ ಎಂದು ಕೇಳಿದೆ. ಗೋಡೆಯೊಳಗಿನ ಕೇಬಲ್ ಕಣ್ಣಿಗೆ ಕಾಣುವ ಪಾಯಿಂಟಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಪಕ್ಕಕ್ಕೋ ಹೋಗಿರುತ್ತದೆ, ಪ್ಲೇಟೂ ಇಲ್ಲವಾದರೆ ಮುಂದೆ ಡ್ರಿಲ್ ಹಿಡಿದು ಬರುವವನಿಗೆ ಆ ಗುರುತೇ ಸಿಗುವುದಿಲ್ಲ ಎಂದ. ಇದು ಕಾನೂನಿನ ಭಯವೂ ಅಲ್ಲ. ಇಂಗ್ಲೆಂಡಿನಲ್ಲಿ ಅಡುಗೆಮನೆಯ ಇಂಥ ಸಣ್ಣ ಕೆಲಸವನ್ನು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕೆಂಬ ನಿಯಮ 2013ರಲ್ಲೇ ಹೋಗಿದೆ.

ಹಾಗೆಂದು ಇಲ್ಲಿಯ ಗೋಡೆಯನ್ನು ನಾನು ಹೊಗಳಲಾರೆ. ಇಲ್ಲಿ ಚಪ್ಪಟೆ ಕೇಬಲನ್ನು ಎಷ್ಟೋ ಕಡೆ ಪೈಪೇ ಇಲ್ಲದೆ ಗಾರೆಯಲ್ಲಿ ಹೂತಿರುತ್ತಾರೆ, ಒಡೆಯದೆ ಅದು ಹೊರಬರುವುದಿಲ್ಲ. ನಮ್ಮ ಪಿವಿಸಿ ಪೈಪಿನ ವೈರಿಂಗ್ ಈ ವಿಷಯದಲ್ಲಿ ಎಷ್ಟೋ ಮೇಲು: ಬೇಡವಾದ ಪಾಯಿಂಟಿನ ತಂತಿಯನ್ನೇ ಎಳೆದು ತೆಗೆಯಬಹುದು, ಆಗ ಹೆದರಲು ಏನೂ ಉಳಿಯುವುದಿಲ್ಲ. ಇಷ್ಟು ಅನುಕೂಲವಿದ್ದೂ ನಾವು ತುದಿಗೆ ಟೇಪ್ ಸುತ್ತಿ ಸಿಮೆಂಟ್ ಮೆತ್ತುತ್ತೇವೆ. ಮೈಸೂರಿನಲ್ಲಿ ಸಿಂಕಿನ ಪಕ್ಕದ ಸಾಕೆಟ್ಟಿಗೆ ಆದದ್ದೂ ಅದೇ, ಎರಡು ವರ್ಷದ ನಂತರ ತಟ್ಟೆ ಸ್ಟ್ಯಾಂಡಿಗೆಂದು ನನ್ನ ತಮ್ಮ ಅದೇ ಜಾಗಕ್ಕೆ ಡ್ರಿಲ್ ಇಟ್ಟ. ಕಿಡಿ ಹಾರಿ ಮನೆಯೆಲ್ಲ ಕತ್ತಲಾಯಿತು. ಆಮೇಲೆ ಜಂಕ್ಷನ್ ಬಾಕ್ಸಿನಲ್ಲಿ ಬಿಚ್ಚಿ ಎಳೆದರೆ ಮೂರೂ ತಂತಿಗಳು ಸಲೀಸಾಗಿ ಬಂದವು. ಕೆಂಪು ತಂತಿಯ ಹೊದಿಕೆ ಗೇಣುದ್ದ ಕರಕಲಾಗಿ, ನಡುವೆ ತಾಮ್ರ ಕಾಣುತ್ತಿತ್ತು.