ಅಟ್ಟದ ಮೇಲಿನ ವೀಣೆ

ನಿನ್ನೆ ಒಂದು ಸಂಗೀತ ಶಾಲೆಯ ವಾರ್ಷಿಕೋತ್ಸವ. ಮುಖ್ಯ ಅತಿಥಿಗಳು ಇಪ್ಪತ್ತು ನಿಮಿಷ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳಿದರು: "ಟೈಮ್ ಇಲ್ಲ ಅನ್ನೋದು ಸೋಮಾರಿಗಳ ನೆಪ. ಮನಸ್ಸಿದ್ದರೆ ಮಾರ್ಗ. ನಾಲ್ಕಕ್ಕೆ ಎದ್ದು ಸಾಧಕ ಮಾಡಿ." ಸಾಧಕ ಅಂದರೆ ಸಂಗೀತದ ಅಭ್ಯಾಸ. ಎದುರಿಗೆ ಕೂತವರಲ್ಲಿ ಅರ್ಧಕ್ಕರ್ಧ ಮಂದಿ ಮೂವತ್ತು ದಾಟಿದ ವಿದ್ಯಾರ್ಥಿಗಳು. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಶಾಲಾ ಟೀಚರುಗಳು. ಆಫೀಸಿನಿಂದ ನೇರ ಬಂದವರ ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು. ಎಲ್ಲರೂ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೇಳಿದರು. ನನಗೆ ರಾತ್ರಿಯಿಡೀ ಅದೇ ಕಣ್ಣ ಮುಂದೆ.

ವೀಣೆ ಪಾಠ ಹೇಳುವ ನಮ್ಮಂಥವರಿಗೆ ಒಂದು ವಿಷಯ ಗೊತ್ತು. ದೊಡ್ಡವರಾದ ಮೇಲೆ ಕಲಿಯಲು ಬಂದು ಮಧ್ಯದಲ್ಲಿ ಬಿಟ್ಟು ಹೋಗುವವರಲ್ಲಿ ಸೋಮಾರಿಗಳು ತೀರಾ ಕಡಿಮೆ. ನಮ್ಮ ಮಾತಿನಲ್ಲಿ ಆಫೀಸಿಗೂ ಕಚೇರಿ ಅಂತೀವಿ, ಸಂಗೀತಕ್ಕೂ ಕಚೇರಿ ಅಂತೀವಿ. ಆ ಕಚೇರಿ ಮುಗಿಸಿ ಈ ಕಚೇರಿಗೆ ಕೂರುವ ಹೊತ್ತಿಗೆ ಮನುಷ್ಯನಲ್ಲಿ ಎರಡೇ ಎರಡು ಶಕ್ತಿ ಬತ್ತಿರುತ್ತವೆ: ಶುರು ಮಾಡುವ ಶಕ್ತಿ, ಇವತ್ತು ಏನು ನುಡಿಸಲಿ ಅಂತ ತೀರ್ಮಾನಿಸುವ ಶಕ್ತಿ. ನುಡಿಸುವ ಶಕ್ತಿ ಇದ್ದೇ ಇರುತ್ತದೆ. ವೀಣೆ ತೊಡೆ ಮೇಲೆ ಬಂದು ಐದು ನಿಮಿಷವಾದ ಮೇಲೆ ದಣಿವು ಅಂತ ಎದ್ದು ಹೋದವರು ಅಪರೂಪ.

ಹಾಗಾಗಿ ಮೊದಲ ಪ್ರಶ್ನೆ: ವೀಣೆ ಎಲ್ಲಿದೆ? ಪೆಟ್ಟಿಗೆಯಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದರೆ ಸ್ಟೂಲು ಹಾಕಬೇಕು, ಇಳಿಸಲು ಇನ್ನೊಬ್ಬರನ್ನು ಕರೆಯಬೇಕು, ಧೂಳು ಒರೆಸಬೇಕು, ಶ್ರುತಿ ಮಾಡಬೇಕು. ಮೊದಲ ಸ್ವರ ಕೇಳುವ ಮುಂಚೆಯೇ ಇಪ್ಪತ್ತು ನಿಮಿಷ ಖರ್ಚು. ರಾತ್ರಿ ಎಂಟೂವರೆಗೆ ಆ ಇಪ್ಪತ್ತು ನಿಮಿಷ ಯಾರ ಹತ್ತಿರವೂ ಇರುವುದಿಲ್ಲ. ಅದೇ ವೀಣೆ ಹಾಲಿನ ಮೂಲೆಯಲ್ಲಿ, ಓಡಾಡುವವರ ಕಾಲಿಗೆ ಸಿಗದ ಕಡೆ, ಚಾಪೆ ಮೇಲೆ ಹತ್ತಿ ಬಟ್ಟೆ ಹೊದ್ದು ಮಲಗಿರಲಿ. ಬಟ್ಟೆ ತೆಗೆದರೆ ಮುಗಿಯಿತು. ಬಿಸಿಲು ಬೀಳುವ ಕಿಟಕಿಯ ಪಕ್ಕ ಮಾತ್ರ ಬೇಡ. ಬೆರಳಿಡುವ 24 ಲೋಹದ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬೇಸಿಗೆಯಲ್ಲಿ ಅದು ಮೆದುವಾಗಿ ಒಂದೆರಡು ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸಾಕು, ಗಾಂಧಾರ (ಗ) ಅಪಸ್ವರ. ಆಮೇಲೆ ಕಲಿಯುವವರು ತಮ್ಮ ಕಿವಿಯನ್ನೇ ಬೈದುಕೊಳ್ಳುತ್ತಾರೆ.

ದಿನಾ ಶ್ರುತಿ ಮಾಡುವ ವೀಣೆಯ ಶ್ರುತಿ ಹೆಚ್ಚು ಇಳಿಯುವುದಿಲ್ಲ. ನಾಲ್ಕು ಮುಖ್ಯ ತಂತಿ, ಮೂರು ತಾಳದ ತಂತಿ. ತಂತಿ ಸುತ್ತಿದ ಮರದ ಬಿರಡೆ ಮುಟ್ಟದೆ, ಇನ್ನೊಂದು ತುದಿಯಲ್ಲಿ ಶ್ರುತಿ ಸ್ವಲ್ಪವೇ ತಿದ್ದುವ ಲಂಗರು ಸರಿಸಿದರೇ ಹೆಚ್ಚಿನ ದಿನ ಸಾಕಾಗುತ್ತದೆ, ಎರಡು ನಿಮಿಷದ ಕೆಲಸ. ವಾರಗಟ್ಟಲೆ ಬಿಟ್ಟರೆ ಮಾತ್ರ ಗೋಳು: ಮಳೆಗಾಲದಲ್ಲಿ ಬಿರಡೆ ಉಬ್ಬಿ ತಿರುಗುವುದಿಲ್ಲ, ಬೇಸಿಗೆಯಲ್ಲಿ ಜಾರುತ್ತದೆ. ಜಾರಿದರೆ ಬಿರಡೆಯನ್ನು ಹೊರಗೆಳೆದು, ತೂತಿನೊಳಗೆ ಕೂರುವ ಭಾಗಕ್ಕೆ ಚಾಕ್‌ಪೀಸ್ ತಿಕ್ಕಿ ಮತ್ತೆ ಒತ್ತಿ ಕೂರಿಸಿ.

ಎರಡನೆಯದು ಕೂರುವ ರೀತಿ. ದಿನವಿಡೀ ಕುರ್ಚಿಯಲ್ಲಿ ಕೂತ ಸೊಂಟ ಒಮ್ಮೆಲೇ ಚಕ್ಕಳಮಕ್ಕಳಕ್ಕೆ ಒಪ್ಪುವುದಿಲ್ಲ. ಜಮಖಾನವನ್ನು ಮಡಿಸಿ ಮಡಿಸಿ ಮೂರು ಇಂಚು ದಪ್ಪ ಮಾಡಿ ಅದರ ತುದಿಗೆ ಕೂತುಕೊಳ್ಳಿ, ಮಂಡಿಗಳು ಸೊಂಟಕ್ಕಿಂತ ಕೆಳಗೆ ಬರಬೇಕು. ಎಷ್ಟೋ ಜನರ "ಮೂಡ್ ಇಲ್ಲ" ಅನ್ನುವುದು ಬರೀ ಬೆನ್ನುನೋವು. ಕೈಗೂ ಹಾಗೇ. ಎಂಟು ಗಂಟೆ ಕೀಬೋರ್ಡ್ ಒತ್ತಿದ ಮಣಿಕಟ್ಟಿಗೆ ಬಂದ ಕೂಡಲೇ ತಂತಿ ಎಳೆದು ಸ್ವರ ಆಡಿಸುವ ಗಮಕ ಕೊಡಬೇಡಿ. ಮೊದಲ ಹತ್ತು ನಿಮಿಷ ಮಾಯಾಮಾಳವಗೌಳ ರಾಗದ ಸರಳೆ, ಜಂಟಿ, ಅಂದರೆ ಎಲ್ಲರೂ ಮೊದಲು ಕಲಿಯುವ ಸ್ವರಪಾಠಗಳು. ತಂತಿ ಎಳೆಯದೆ, ಮೆಟ್ಟಿಲ ಮೇಲೆ ನೆಟ್ಟಗೆ. ಬಲಗೈ ತೋರುಬೆರಳು, ಮಧ್ಯದ ಬೆರಳು ಒಂದಾದ ಮೇಲೊಂದು ಮೀಟಲಿ, ಕಿರುಬೆರಳು ತಾಳ ಹಿಡಿಯಲಿ. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟರೆ ಮೊದಲ ಸರಳೆಯ 16 ಸ್ವರ ಮೂರು ಕಾಲದಲ್ಲಿ (ಪ್ರತಿ ಸಲ ಇಮ್ಮಡಿ ವೇಗ) ಒಂದೊಂದು ಸಲ ನುಡಿಸಲು 28 ಸೆಕೆಂಡು. ಅರ್ಧ ನಿಮಿಷವೂ ಇಲ್ಲ. "ಸರಳೆ ನುಡಿಸೋಕೂ ಟೈಮಿಲ್ಲ" ಅನ್ನುವವರು ಒಮ್ಮೆ ಗಡಿಯಾರ ನೋಡಿಕೊಂಡು ನುಡಿಸಲಿ. ಎಡಗೈ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಒಂದು ತೊಟ್ಟು, ಹತ್ತಿಯಲ್ಲಿ ಅದ್ದಿ. ಹೆಚ್ಚಾದರೆ ಬೆರಳು ಹಿಡಿತ ತಪ್ಪಿ ಜಾರುತ್ತದೆ.

ಈಗ ಮುಖ್ಯವಾದ ಮಾತು. ರಾತ್ರಿ ಹೊಸ ಕೃತಿ ಕಲಿಯಲು ಕೂರಬೇಡಿ. ದಣಿದ ಕಿವಿಗೆ ಗಮಕ ಅರ್ಧವೇ ಕೇಳಿಸುತ್ತದೆ. ಕೈ ಆ ಅರ್ಧವನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಹಾಗೆ ಕೂತ ತಪ್ಪನ್ನು ಬಿಡಿಸಲು ಕಲಿತಿದ್ದಕ್ಕಿಂತ ಹೆಚ್ಚು ದಿನ ಬೇಕು. ಹೊಸತು, ಕಷ್ಟದ್ದು, ಯೋಚಿಸಬೇಕಾದದ್ದು ಎಲ್ಲ ಭಾನುವಾರ ಬೆಳಿಗ್ಗೆಗೆ ಇರಲಿ. ಸಂಜೆಗೆ ಈಗಾಗಲೇ ಪಾಠವಾದದ್ದರ ಒಂದು ಚೂರು ಸಾಕು.

ಎಷ್ಟು ಚೂರು? ಆದಿತಾಳದ ವರ್ಣ ತೆಗೆದುಕೊಳ್ಳಿ; ವರ್ಣ ಅಂದರೆ ಅಭ್ಯಾಸಕ್ಕೆ ಕಲಿಸುವ ಒಂದು ರಚನೆ, ಆವರ್ತ ಅಂದರೆ ತಾಳದ ಒಂದು ಸುತ್ತು. ಸಾಮಾನ್ಯವಾಗಿ ಪಲ್ಲವಿ 2 ಆವರ್ತ, ಅನುಪಲ್ಲವಿ 2, ಮುಕ್ತಾಯಿ ಸ್ವರ 2. ಒಂದು ಆವರ್ತಕ್ಕೆ 32 ಸ್ವರ: ತಾಳದ ಮೊದಲ ಭಾಗವಾದ ಲಘುವಿನಲ್ಲಿ 16, ಉಳಿದ ಭಾಗದ ಎರಡು ದ್ರುತಗಳಲ್ಲಿ 8 ಮತ್ತು 8. ಇವತ್ತು ಲಘುವಿನ 16 ಮಾತ್ರ. ನಾಳೆ ದ್ರುತಗಳ 16 ನುಡಿಸಿ, ಕೊನೆಯಲ್ಲಿ ಎರಡನ್ನೂ ಸೇರಿಸಿ ಒಂದು ಸಲ. ಹೀಗೆ 12 ಸಂಜೆಗೆ ವರ್ಣದ ಪೂರ್ವಾಂಗ, ಅಂದರೆ ಮೊದಲ ಭಾಗ, ಕೈಯಲ್ಲಿರುತ್ತದೆ. ಹದಿನಾರು ಸ್ವರ ಅಂದರೆ ಒಪ್ಪದ ಮನಸ್ಸು ಯಾವುದೂ ಇಲ್ಲ, "ವರ್ಣ ಪ್ರಾಕ್ಟೀಸ್ ಮಾಡಬೇಕು" ಅಂದರೆ ಮಾತ್ರ ಅದು ಸೋಫಾದಿಂದ ಏಳುವುದಿಲ್ಲ.

ನಿಲ್ಲಿಸುವ ಮುಂಚೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆಯಿರಿ: "ನಾಳೆ: ಅನುಪಲ್ಲವಿ, ಎರಡನೇ ಆವರ್ತ, ದ್ರುತಗಳು. ನಿಷಾದ (ನಿ) ಕಡಿಮೆಯಾಗ್ತಿದೆ." ಆ ಪುಟ ತೆರೆದೇ ಇಟ್ಟು ಬಟ್ಟೆ ಹೊದಿಸಿ. ನಾಳೆಯ ದಣಿದ ತಲೆ ಏನನ್ನೂ ತೀರ್ಮಾನಿಸಬೇಕಿಲ್ಲ, ಬರೆದದ್ದನ್ನು ನುಡಿಸಿದರಾಯಿತು. ಇಷ್ಟು ಸಣ್ಣ ವಿಷಯವನ್ನು ನಾವು ಪಾಠ ಹೇಳುವವರು ಯಾಕೆ ಮೊದಲ ದಿನವೇ ಹೇಳುವುದಿಲ್ಲ ಅನ್ನುವುದೇ ನನ್ನ ಸಂಕಟ.

ಶ್ರುತಿಪೆಟ್ಟಿಗೆ ಫೋನಿನಲ್ಲಿದ್ದರೆ ಫ್ಲೈಟ್ ಮೋಡ್ ಹಾಕಿ. ತಂಬೂರಿ ಮಧ್ಯೆ ಆಫೀಸಿನ ಮೆಸೇಜು ಟಿಣ್ ಅಂದರೆ ಆ ಸಂಜೆ ಅಲ್ಲಿಗೆ ಮುಗಿಯಿತು.

ಗಾಯನದವರಿಗೆ ಎರಡು ಮಾತು. ದಿನವಿಡೀ ಕಾಲ್‌ನಲ್ಲಿ ಮಾತಾಡಿದ ಗಂಟಲಿಗೆ ಮೇಲಿನ ತಾರಸ್ಥಾಯಿಯಲ್ಲಿ 'ಆ' ಅಂತ ಎಳೆಯುವ ಆಕಾರ ಬೇಡ. ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಬಾಯಿ ಮುಚ್ಚಿ ಐದು ನಿಮಿಷ ಗುನುಗಿ, ಆಮೇಲೆ ಬಾಯಿ ಬಿಡಿ. ಊಟಕ್ಕೆ ಮುಂಚೆ ಹಾಡಿ. ಹಸಿವಾದರೆ ಒಂದು ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ.

ಬ್ರಾಹ್ಮೀ ಮುಹೂರ್ತದ ಸಾಧಕ ಶ್ರೇಷ್ಠ ಅಂತ ಹಿರಿಯರು ಹೇಳಿದ್ದಾರಲ್ಲ ಅಂತ ಕೇಳುವವರು ಬಂದೇ ಬರುತ್ತಾರೆ. ಶ್ರೇಷ್ಠವೇ, ಊರು ಮಲಗಿರುವಾಗ ತಂತಿಯ ನಾದ ಕೊನೆಯವರೆಗೂ ಕಿವಿಗೆ ಸಿಗುತ್ತದೆ. ಆದರೆ ಲೆಕ್ಕ ಹಾಕಿ. ನಾಲ್ಕಕ್ಕೆ ಏಳಬೇಕಾದವರು ಏಳು ಗಂಟೆ ನಿದ್ದೆಗೆ ಒಂಬತ್ತಕ್ಕೇ ಮಲಗಬೇಕು. ವೈಟ್‌ಫೀಲ್ಡಿನಿಂದ ರಾಜಾಜಿನಗರದ ಮನೆಗೆ ಎಂಟಕ್ಕೆ ಬಂದು, ಅಡುಗೆ ಮಾಡಿ, ಪಾತ್ರೆ ತೊಳೆದು, ಮಗುವಿನ ಹೋಂವರ್ಕ್ ನೋಡಿ ಮಲಗುವ ಹೆಂಗಸಿಗೆ ಒಂಬತ್ತು ಎಲ್ಲಿಂದ ಬರಬೇಕು? ನಿದ್ದೆ ಕತ್ತರಿಸಿ ಸಾಧಕಕ್ಕೆ ಕೊಟ್ಟರೆ ಎರಡೂ ಹಾಳು. ದಿನದಲ್ಲಿ ಕೈ ಕಲಿತದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ.

ಅತಿಥಿಗಳು ವೀಣೆ ಶೇಷಣ್ಣನವರ ಹೆಸರನ್ನೂ ಎತ್ತಿದರು. ಶೇಷಣ್ಣನವರು ಮೈಸೂರು ಆಸ್ಥಾನದ ವಿದ್ವಾಂಸರು, ಅವರಿಗೆ ವೀಣೆಯೇ ಉದ್ಯೋಗ. ಇನ್ನೊಬ್ಬ ದೊಡ್ಡ ವೈಣಿಕರಾದ ದೊರೆಸ್ವಾಮಿ ಅಯ್ಯಂಗಾರ್ಯರು ನೌಕರಿ ಮಾಡಿದರು ನಿಜ, ಅದು ಬೆಂಗಳೂರು ಆಕಾಶವಾಣಿಯಲ್ಲಿ, ಸಂಗೀತದ ಕೆಲಸವೇ. ಇಬ್ಬರ ಪಾದಕ್ಕೂ ನಮಸ್ಕಾರ. ಇಡೀ ದಿನ ಲೋನ್ ಫೈಲು ನೋಡಿ ಬಂದವರನ್ನು ಅವರ ಪಕ್ಕ ನಿಲ್ಲಿಸಿ ಅವಮಾನ ಮಾಡುವುದು ಅನ್ಯಾಯ.

"ಹಾಗಾದರೆ ಭಾನುವಾರ ಮೂರು ಗಂಟೆ ಕೂತರಾಗದಾ?" ಆಗುವುದಿಲ್ಲ. ಆರು ದಿನ ತಂತಿ ಮುಟ್ಟದ ಬೆರಳ ತುದಿ ಮೆತ್ತಗಾಗಿರುತ್ತದೆ. ಮೂರು ಗಂಟೆ ಒತ್ತಿದರೆ ತಂತಿ ಕೊರೆದು ಗೀರು ಬೀಳುತ್ತದೆ, ಸೋಮವಾರ ನೋವು, ಬುಧವಾರದವರೆಗೆ ಮುಟ್ಟಲು ಭಯ. ದಿನಕ್ಕೆ 20 ನಿಮಿಷದಂತೆ ಐದು ಸಂಜೆ ನುಡಿಸಿದವರ ಬೆರಳಲ್ಲಿ ಜಡ್ಡು ಉಳಿಯುತ್ತದೆ. ಭಾನುವಾರದ ಒಂದು ಗಂಟೆ ಆಗ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಜ್ವರ ಬಂದ ಹಾಗೆ ದಣಿದ ದಿನವೂ ಇರುತ್ತದೆ. ಅಂಥ ದಿನ ಬಟ್ಟೆ ತೆಗೆದು, ಏಳು ತಂತಿ ಶ್ರುತಿ ಮಾಡಿ, ಒಮ್ಮೆ ಎಲ್ಲವನ್ನೂ ಮೀಟಿ, ನಾದ ಆರುವವರೆಗೆ ಕೇಳಿ, ಬಟ್ಟೆ ಹೊದಿಸಿ ಮಲಗಿ. ಲೆಕ್ಕಕ್ಕೆ ಅದೂ ಸಾಧಕವೇ.

ಅಟ್ಟದ ಮೇಲೆ ವೀಣೆ ಇರುವವರು ಈ ಭಾನುವಾರ ಇಳಿಸಿ. ತಂತಿಗೆ ತುಕ್ಕು ಹಿಡಿದಿದ್ದರೆ ಅದರ ಮೇಲೆ ಬೆರಳು ಎಳೆಯಬೇಡಿ, ಪೂರಾ ಸೆಟ್ ಬದಲಿಸಿ. ಮೆಟ್ಟಿಲು ಅಲುಗಾಡಿದರೆ ನೀವೇ ಮೇಣ ಕರಗಿಸಲು ಹೋಗಬೇಡಿ, ಮೇಳ ಕಟ್ಟುವವರ, ಅಂದರೆ ಮೆಟ್ಟಿಲು ಕೂರಿಸುವವರ, ಹತ್ತಿರ ಕೊಡಿ. ವಾಪಸ್ ಬಂದ ಮೇಲೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ, ವೀಣೆಯನ್ನು ಚಾಪೆ ಮೇಲೆ ಇಡಿ.