ಪಾಚಿಗೆ ಡ್ಯೂಟಿ ಹಾಕಿದ ಊರು

ಗಾಳಿ ವಿಷಯದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಯಾರೂ ಪಾಠ ಹೇಳಬೇಕಿಲ್ಲ. ಸುತ್ತ ಗುಡ್ಡ, ತಗ್ಗಿನಲ್ಲಿ ಊರು. ಜೋರಾಗಿ ಗಾಳಿ ಬೀಸುವುದೇ ಕಡಿಮೆ. ಚಳಿಗಾಲದಲ್ಲಿ ತಣ್ಣನೆ ಗಾಳಿ ತಳ ಹಿಡಿದು ಕೂರುತ್ತದೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕುತ್ತದೆ. ಹೊಗೆ ಪಾಪ ಎಲ್ಲಿಗೆ ಹೋಗಬೇಕು? ಅದಕ್ಕೇ ಪಾಲಿಕೆಯವರು 1938ರಲ್ಲೇ ಹವಾಮಾನ ತಜ್ಞರನ್ನು ಕೆಲಸಕ್ಕೆ ಇಟ್ಟುಕೊಂಡರು. ರಾತ್ರಿ ಗುಡ್ಡದಿಂದ ಇಳಿಯುವ ತಂಪು ಗಾಳಿ ಎಲ್ಲೆಲ್ಲಿ ಹಾದು ಬರುತ್ತದೆ ಅಂತ ನಕ್ಷೆ ಬರೆದರು. ಆ ದಾರಿಗೆ ಅಡ್ಡ ಮನೆ ಕಟ್ಟುತ್ತೇನೆ ಅಂದರೆ ಪರ್ಮಿಶನ್ ಸಿಗುವುದು ಕಷ್ಟ.

ಗಾಳಿಗೆ ಇಷ್ಟು ಮರ್ಯಾದೆ ಕೊಟ್ಟು, ಅದೇ ತಗ್ಗಿನ ನಡುವೆ ಹೆದ್ದಾರಿ ಬಿಟ್ಟುಕೊಂಡರು. ಮರ್ಸಿಡಿಸ್, ಪೋರ್ಷೆ ಹುಟ್ಟಿದ ಊರು ನೋಡಿ, ಕಾರಿಗೆ ಬೇಡ ಅನ್ನುವುದು ಹೇಗೆ? ಆ ಹೆದ್ದಾರಿಯ ನೆಕ್ಕರ್‌ಟೋರ್ ಸರ್ಕಲ್, ಹೊಗೆ ಧೂಳಿನಲ್ಲಿ ದೇಶಕ್ಕೇ ಹೆಸರುವಾಸಿಯಾಯಿತು.

2016ರಲ್ಲಿ ಧೂಳಿನ ಅಲಾರಂ ಶುರುವಾಯಿತು. ಇನ್ನೆರಡು ದಿನ ಗಾಳಿ ಆಡಲ್ಲ ಅಂತ ಹವಾಮಾನ ಇಲಾಖೆ ಹೇಳಿದರೆ ಸಾಕು, ರಸ್ತೆ ಮೇಲೆ ಬೋರ್ಡು: ಕಾರು ಬಿಟ್ಟು ರೈಲು ಹತ್ತಿ. ಕಡ್ಡಾಯ ಏನಲ್ಲ, ಸುಮ್ನೆ ವಿನಂತಿ. ಬೋರ್ಡು ಓದುವವರು ಆಗಲೇ ಕಾರಿನಲ್ಲಿದ್ದರು ಅನ್ನುವುದು ಬೇರೆ ಮಾತು.

ಜನ ಕೇಳಲಿಲ್ಲ. 2017ರಲ್ಲಿ ಪಾಚಿಗೆ ಡ್ಯೂಟಿ ಹಾಕಿದರು. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಬಂದರೆ ಕಾಂಪೌಂಡ್ ಮೇಲೆ ಬಿಟ್ಟಿ ಬೆಳೆಯುತ್ತದಲ್ಲ, ಆ ಜಾತಿಯದೇ. ಅಲ್ಲಿ ಅದಕ್ಕೆ ನೂರು ಮೀಟರ್ ಉದ್ದದ ಗೋಡೆ, ಖರ್ಚು 5 ಲಕ್ಷ ಯೂರೋಗೂ ಜಾಸ್ತಿ. ಪಾಚಿಗೆ ಬೇರಿಲ್ಲ, ನೀರು ಆಹಾರ ಎಲ್ಲ ಎಲೆಯಿಂದಲೇ, ಹಾಗಾಗಿ ಧೂಳನ್ನೂ ಹಿಡಿಯುತ್ತದೆ. ಲ್ಯಾಬಿನಲ್ಲಿ ಹಿಡಿದೂ ತೋರಿಸಿತ್ತು. ಆದರೆ ಲ್ಯಾಬಿನಲ್ಲಿ ಬಿಸಿಲಿರಲಿಲ್ಲ, ಪಕ್ಕದಲ್ಲಿ ಲಾರಿ ಓಡುತ್ತಿರಲಿಲ್ಲ. ಹೆದ್ದಾರಿ ಬದಿಗೆ ಬಂದ ಪಾಚಿ ಕಂದು ತಿರುಗಿತು, ಅಲ್ಲಲ್ಲಿ ಒಣಗಿತು. ಗಾಳಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಕಾಣಲಿಲ್ಲ. ಮರುವರ್ಷ ಗೋಡೆ ಬಿಚ್ಚಿದರು. ಅದರ ಹಿಂದೆಯೇ ಫ್ಯಾನ್ ಇರುವ ಫಿಲ್ಟರ್ ಕಂಬಗಳು ಬಂದವು. ಮಾಡಿಕೊಟ್ಟದ್ದು ಪಕ್ಕದ ಊರಿನ, ಕಾರಿಗೆ ಫಿಲ್ಟರ್ ಮಾಡುವ ಕಂಪನಿ. ಅಂದರೆ ಕಾರಿನ ಬಾನೆಟ್ ಒಳಗೂ ಅವರದೇ, ಹೊರಗೂ ಅವರದೇ.

ಕೊನೆಗೆ ಕೋರ್ಟು ಗದರಿದ ಮೇಲೆ, 2019ರ ಜನವರಿಯಲ್ಲಿ ಹಳೇ ಡೀಸೆಲ್ ಕಾರು ಊರೊಳಗೆ ಬರುವಂತಿಲ್ಲ ಅಂದರು. ಆಗ ಜನ ಹಳದಿ ಜಾಕೆಟ್ ತೊಟ್ಟು ಬೀದಿಗಿಳಿದರು, ಅದೂ ನೆಕ್ಕರ್‌ಟೋರ್‌ನಲ್ಲೇ. ಕೇಳಿದ್ದು ಒಳ್ಳೆ ಗಾಳಿ ಅಲ್ಲ, ಡೀಸೆಲ್ ಕಾರು ಓಡಿಸುವ ಹಕ್ಕು. ಪಾಚಿ ಒಣಗಿದಾಗ ಈ ಜಾಕೆಟ್‌ಗಳೆಲ್ಲ ಎಲ್ಲಿದ್ದವೋ!